ಹನ್ನೊಂದನೇ ಕಲಮು

ಕಂಬ ಕಂಪನಿಯದು.
ಕಂಬದ ಕಾಲಡಿಯ ನೆಲ ಸರ್ಕಾರಿ ಶಾಲೆಯದು.
ಬೇಲಿ ಪಂಚಾಯ್ತಿಯದು, ಬೀಗ ಕೃಷಿ ಇಲಾಖೆಯದು,
ಬೀಗದ ಕೈ ನನ್ನ ತಾಳಿಸರದ ಪಿನ್ನಿನಲ್ಲಿ.
ನಾನು ಹುಣಸೇಕೊಪ್ಪಲಿನ ಕೃಷಿ ಸಖಿ.
ತಿಂಗಳಿಗಿಷ್ಟು ಗೌರವಧನ, ಅದೂ ಬಂದಾಗ.

ದುದ್ದ ಹೋಬಳಿಯಲ್ಲಿ ಇಂಥವು ಒಂಬತ್ತಿವೆ.
ನಮ್ಮದಕ್ಕೆ ಹೆಂಗಸರು ಇಟ್ಟ ಹೆಸರು ಗಿಳಿಶಾಸ್ತ್ರದ ಕಂಬ.
ಗಾಳಿ ಎಷ್ಟು, ಎಲೆಯ ಮೇಲೆ ತೇವ ಎಷ್ಟು ಹೊತ್ತು,
ಮಳೆ ಎಷ್ಟು ಮಿಲಿಮೀಟರು, ಎಲ್ಲ ಎಣಿಸಿ
ಬೆಳಗಿನ ಆರೂವರೆಗೆ ಮೊಬೈಲಿಗೊಂದು ಚೀಟಿ ಎತ್ತಿಕೊಡುತ್ತದೆ:
'ಆಲೂಗೆಡ್ಡೆಗೆ ಅಂಗಮಾರಿ ಭಯವಿಲ್ಲ. ಔಷಧಿ ಬೇಡ.'
ಇಲ್ಲವೇ, 'ಇವತ್ತೇ ಹೊಡೆಯಿರಿ.'

ಉದ್ಘಾಟನೆಯ ದಿನ ಎರಡು ಕುರ್ಚಿ, ನಡುವೆ ಒಂದು ಕಡತ.
ಆ ಕಡೆ ಸಹಾಯಕ ಕೃಷಿ ಅಧಿಕಾರಿ ಮಾದಯ್ಯನವರು,
ಈ ಕಡೆ ಚಿಪ್ಸ್ ಕಂಪನಿಯ ಫಯಾಜ್.
ಪೆನ್ನು ಮಾತ್ರ ಒಂದೇ, ಅದೂ ಶಾಲೆ ಮೇಷ್ಟರದು.
ಬಿತ್ತನೆ ಜಲಂಧರಿಂದ ಲಾರಿಯಲ್ಲಿ ಬಂದದ್ದು,
ಮಣ್ಣು ನಮ್ಮದು,
ಮೋಡ ಯಾರದೆಂದು ಕಾಗದದಲ್ಲಿ ಇರಲಿಲ್ಲ.
ಸಹಿ. ಚಪ್ಪಾಳೆ. ಉಪ್ಪಿಟ್ಟು.
ಅದರಲ್ಲೂ ಆಲೂಗೆಡ್ಡೆ.

ಬೆಳೆಗೆ ಹದಿಮೂರು ಸಲ ಔಷಧಿ ಹೊಡೆಯುತ್ತಿದ್ದವರು
ಆ ವರ್ಷ ಏಳೇ ಸಲ ಹೊಡೆದರು.
ಔಷಧಿ ಅಂಗಡಿಯವರು ನನ್ನ ನಮಸ್ಕಾರಕ್ಕೆ
ತಿರುಗಿ ಕೈ ಎತ್ತಲಿಲ್ಲ.
ಈರತಾಯಮ್ಮ ಮಾತ್ರ ಚೀಟಿ ನಂಬಲಿಲ್ಲ.
ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು
ಗಿಡದ ಕೆಳಗಿನ ಎಲೆ ತಿರುವಿ ಮೂಸುತ್ತಿದ್ದಳು,
ಎಣ್ಣೆ ನೀರು ಹಾಕಿದ ಕೂಸಿನ ನೆತ್ತಿ ಮೂಸಿದಂತೆ.

ಈ ಸಲ ಪುನರ್ವಸು.
ಸೋನೆ ಹಿಡಿದದ್ದು ನಾಲ್ಕು ದಿನ ಬಿಡಲಿಲ್ಲ.
ಸೀಗೆಗುಡ್ಡ ಇದ್ದ ಜಾಗದಲ್ಲಿ ಬರಿಯ ಬೂದಿ ಬಣ್ಣ.
ನನ್ನ ಸೆರಗು ಹಿಂಡಿದರೆ ಒಂದು ಚೊಂಬು ನೀರು.
ಮೊಬೈಲು ಹೇಳಿತು: ಮಳೆ ಸೊನ್ನೆ. ಔಷಧಿ ಬೇಡ.
ಮಾರನೆಯ ದಿನವೂ ಸೊನ್ನೆ.

ಫಯಾಜ್ ಅಂದ, 'ಅಕ್ಕಾ, ಯಂತ್ರ ನಮ್ಮದು ಸರಿ,
ನಿಗಾ ಇಲಾಖೆಯದು. ಒಡಂಬಡಿಕೆ ನೋಡಿ.'
ಮಾದಯ್ಯನವರು, 'ನೆಲ ನಮ್ಮದಮ್ಮ,
ಯಂತ್ರ ಮುಟ್ಟಿದರೆ ನಾಳೆ ಆಡಿಟ್ಟಿನವರು ನನ್ನ ಮುಟ್ಟುತ್ತಾರೆ.'
ನೋಡಿದೆ. ಹನ್ನೊಂದನೇ ಕಲಮು:
'ದುರಸ್ತಿಯು ಉಭಯ ಪಕ್ಷಗಳ ಪರಸ್ಪರ ಸಮ್ಮತಿಯಂತೆ.'
ಅಂಗಮಾರಿಗೆ ಓದು ಬಾರದು.

ಈರತಾಯಮ್ಮ ಗೋಣಿ ಕೊಪ್ಪೆ ಹೊದ್ದು ಬಂದಳು.
ಕೈಯಲ್ಲೊಂದು ಎಲೆ. ಅಂಚು ಕಪ್ಪು, ಅಡಿಗೆ ಬಿಳಿ ಬೂಷ್ಟು.
'ನಿನ್ನ ಗಿಳಿಗೆ ನೆಗಡಿ ಕಣೇ,' ಅಂದಳು.
ಬೀಗ ತೆಗೆದೆ.
ಏಳನೇ ಕ್ಲಾಸಿನ ಲಿಖಿತ ಮೇಷ್ಟರ ಹೆಗಲು ತುಳಿದು
ಮಳೆ ಕುಡಿಯುವ ಬಟ್ಟಲಿಗೆ ಕಣ್ಣಿಟ್ಟು ನಕ್ಕ:
'ಸಾ, ಕಾಗೆ ಹೇತದೆ!'
ಲಕ್ಷಗಟ್ಟಲೆಯ ಯಂತ್ರದ ಗಂಟಲಲ್ಲಿ
ಗಟ್ಟಿಯಾದ ಸುಣ್ಣದಂಥದು, ಎರಡು ಹುಲ್ಲುಕಡ್ಡಿ.
ಪೊರಕೆಕಡ್ಡಿ ತೂರಿಸಿ ತೂತು ಬಿಡಿಸಿದ.
ಒಳಗೆ ಟಿಕ್ ಅಂದಿತು. ತುಸು ತಡೆದು ಟಿಕ್.
ಆಮೇಲೆ ನಿಲ್ಲಲೇ ಇಲ್ಲ,
ತವರಿಗೆ ಬಂದು ಬಾಯಿಬಿಟ್ಟವಳ ಹಾಗೆ.

ಚೀಟಿಗೆ ಯಾರೂ ಕಾಯಲಿಲ್ಲ.
ಸಂಜೆ ಒಂದು ಗಂಟೆ ಹೊಳವಾಯಿತು,
ಇಪ್ಪತ್ತಾರು ಪಂಪು ಹೊಲಕ್ಕಿಳಿದವು.
ಕೆರೆ ಹಿಂದಿನ ಮೂರು ಹೊಲ ಉಳಿಯಲಿಲ್ಲ.
ಅದರಲ್ಲೊಂದು
ಮೊದಲು ಮೂಸಿದವಳದು.

ಈಗ ನನ್ನ ರಿಜಿಸ್ಟರಿನಲ್ಲಿ ಅಚ್ಚಾದ ಹತ್ತು ಕಾಲಮ್ಮಿನ ಪಕ್ಕ
ಸ್ಕೇಲು ಹಿಡಿದು ಎಳೆದ ಹನ್ನೊಂದನೆಯದೊಂದಿದೆ.
ತಲೆಯ ಮೇಲೆ ಬರೆದದ್ದು: ಈರತಾಯಮ್ಮ.
ಕೆಳಗೆ ದಿನಾ ಒಂದು ಮಾತು: ವಾಸನೆ ಇಲ್ಲ.
ವಾಸನೆ ಇಲ್ಲ. ಸೊಲ್ಪ ಇದೆ. ನಾಳೆ ನೋಡಾನ.
ಫೋಟೋ ತೆಗೆದು ಇಬ್ಬರಿಗೂ ಕಳಿಸುತ್ತೇನೆ.

ಮಾದಯ್ಯನವರು ಹೆಬ್ಬೆಟ್ಟಿನ ಗುರುತು ಒತ್ತಿ ಸುಮ್ಮನಾದರು.
ಫಯಾಜ್ ಕೇಳಿದ, 'ಅಕ್ಕಾ, ಇದನ್ನ ಅಳೆಯೋದು ಯಾವುದರಲ್ಲಿ?
ಮಿಲಿಮೀಟರಾ, ಪರ್ಸೆಂಟಾ?'
ಕೇಳಿ ಹೇಳ್ತೀನಿ ಅಂದೆ.

ಅವಳು ಆಗಲೇ ಹೊಲದಲ್ಲಿದ್ದಳು, ಬೇರೆಯವರ ಹೊಲದಲ್ಲಿ,
ಕೆಳಗಿನ ಎಲೆ ತಿರುವುತ್ತಾ.