ಕಾಲಂ ಹದಿನಾಲ್ಕು

ಮುದಗಾ ದಂಡೆಯ ಆ ಶೆಡ್ಡಿನಲ್ಲಿ
ದೋಣಿ ಹುಟ್ಟುವುದು ಹೊರಮೈಯಿಂದ ಒಳಕ್ಕೆ.
ಅಚ್ಚಿಗೆ ಗಾಜಿನ ನಾರು, ಅದಕ್ಕೆ ರಾಳ,
ಮತ್ತೆ ನಾರು, ಮತ್ತೆ ರಾಳ.

ನಾನು ಹೋದದ್ದು ಬುಧವಾರ.
ಮಂಗಳವಾರವೇ ಅವರಿಗೆ ಗೊತ್ತಿತ್ತು;
ಹೇಳಿದ್ದು ನಮ್ಮ ಆಫೀಸಿನದೇ ಫೋನು.
ಕಿಟಕಿಗಳೆಲ್ಲ ತೆರೆದಿದ್ದವು. ಮಾಲೀಕರ ಮೇಜಿನ ಮೇಲೆ
ಇಡೀ ಕಟ್ಟು ಊದುಬತ್ತಿ ಒಟ್ಟಿಗೇ ಉರಿಯುತ್ತಿತ್ತು.
ಎಂಟು ಮುಖಕ್ಕೆ ಎಂಟು ಹೊಸ ಮಾಸ್ಕು,
ಒಂದರ ಮೇಲೆ ಬೆಲೆಯ ಚೀಟಿ.

ಮೀಟರು ರಿಪೇರಿಗೆಂದು ಧಾರವಾಡಕ್ಕೆ ಹೋಗಿ
ಹನ್ನೊಂದು ತಿಂಗಳು. ಉಳಿದದ್ದು ನನ್ನ ಮೂಗು,
ಅದಕ್ಕೂ ಊದುಬತ್ತಿ.
ದೋಣಿಯೊಳಗೆ ಮಂಡಿಯೂರಿ ರೋಲರು ಎಳೆಯುತ್ತಿದ್ದ
ಪುರ್ಸು ಹರಿಕಂತ್ರನನ್ನೇ ಕೇಳಿದೆ:
ವಾಸನೆ ಏನಾದರೂ ಬರ್ತದಾ?
ಮಾಸ್ಕು ಗದ್ದಕ್ಕಿಳಿಸಿ ನೆಟ್ಟಗೆ ನೋಡಿದ.
"ಎಂತದೂ ಇಲ್ರಾ ಮೇಡಂ."
ಸುಳ್ಳಿನ ಕಣ್ಣು ನನಗೆ ಗೊತ್ತು, ಹದಿನಾರು ವರ್ಷದ ಸರ್ವಿಸು.
ಅವನದು ಆ ಕಣ್ಣಲ್ಲ.
ಬರೆದೆ. ಕಾಲಂ ಹದಿನಾಲ್ಕು, ವಾಸನೆ: ಇಲ್ಲ.

ಗೇಟಿನಾಚೆ ಮೀನುಬುಟ್ಟಿ ಇಳಿಸಿ ಕೂತಿದ್ದಳು
ಅವನ ಹೆಂಡತಿ ಗುಲಾಬಿ.
"ಎಂತ ಕೇಳಿದ್ರಿ ಅವನ ಹತ್ರ?"
ಹೇಳಿದೆ.
ನಕ್ಕಳೋ, ಕೆಮ್ಮಿದಳೋ.
"ಮೊನ್ನೆ ಕೊಳೆತ ತೊರಕೆ ಸಾರು ಉಂಡು ಚಲೋ ಆಗದೆ ಅಂದ.
ಸಿಲಿಂಡರು ಸೋರಿ ಮನೆಯೆಲ್ಲ ತುಂಬಿತ್ತು,
ಬೀಡಿ ಹಚ್ಚೂಕೆ ಕಡ್ಡಿ ತೆಗೆದಿದ್ದ.
ಮಗೀನ ನೆತ್ತಿ ಮೂಸ್ತಾನೇ ಇರ್ತ,
ಎಂತದೋ ಕಳಕಂಡವನ ಹಾಗೆ.
ಎರಡು ಮಳೆಗಾಲ ಆಯ್ತು, ಅವನ ಮೂಗು ಸತ್ತು.
ಅವನ ಹತ್ರ ಕೇಳೂದಾ ವಾಸನೆ?"

ಜೀಪು ಚಾಲೂ ಆಗಿತ್ತು. ಊಟದ ಹೊತ್ತು.
ಹೋಗಿಬಿಡಬಹುದಿತ್ತು. ಹಿಂದೆ ಹೋಗಿಬಿಟ್ಟಿದ್ದೇನೆ ಕೂಡ.

ತಿರುಗಿ ಬಂದಾಗ ಕಿಟಕಿ ಮುಚ್ಚಿದ್ದವು.
ಮಾಸ್ಕುಗಳು ಡಬ್ಬಕ್ಕೆ ಮರಳಿದ್ದವು, ಎಣಿಸಿ.
ಊದುಬತ್ತಿ ಬೂದಿ.
ದೋಣಿಯೊಳಗೆ ಬಗ್ಗಿದೆ, ಅಷ್ಟೇ,
ಕಣ್ಣಲ್ಲಿ ನೀರು ತಾನಾಗಿ ಇಳಿಯಿತು:
ಇನ್ನೂ ಕಡಲು ಮುಟ್ಟದ ದೋಣಿ
ಕಾಣದ ಏನೋ ಒಂದರಿಂದ ಅಂಚಿನವರೆಗೆ ತುಂಬಿತ್ತು,
ಅದರಲ್ಲಿ ಮುಳುಗಿ ಒಬ್ಬ ಮನುಷ್ಯ ಕೆಲಸ ಮಾಡುತ್ತಿದ್ದ.

"ಇಲ್ಲ" ಹೊಡೆದು ಹಾಕಿದೆ. ಪಕ್ಕಕ್ಕೆ ನನ್ನ ಸಹಿ, ವೇಳೆ.
ಕೆಲಸ ನಿಲ್ಲಿಸುವ ನೋಟೀಸು ಅಲ್ಲೇ ಬರೆದೆ;
ಮಾಲೀಕರು ಪೆನ್ನು ಮುಟ್ಟಲಿಲ್ಲ, ಫೋನು ಮುಟ್ಟಿದರು.
"ನಾಳೆಯ ಕೂಲಿ?" ಯಾರೋ ಕೇಳಿದರು ಹಿಂದಿನಿಂದ.
ನನ್ನ ಬಳಿ ಅದಕ್ಕೆ ಬರೀ ಕಾಯಿದೆಯ ಕಲಮು ಇತ್ತು.

ಪುರ್ಸು ಹತ್ತಿರ ಬಂದು, ಮೆಲ್ಲಗೆ,
"ಎಂತ ವಾಸನೆ ಬಂತ್ರಾ, ನಿಮಗೆ?"
ಸಿಹಿ, ಅಂದೆ. ಒಂಥರಾ ಸಿಹಿ.
"ಹೌದಾ," ಎಂದು,
ರೋಲರನ್ನು ತೊಳೆಯಲು
ಬರಿಗೈಯನ್ನು ಅಸಿಟೋನಿನ ಡಬ್ಬಿಗೆ ಇಳಿಸಿದ.