ಕೆಂಪು, ಹಸಿರು

ಬೆಪ್ಪು ಎಂಬುದೊಂದು ಊರು, ನಗಬೇಡಿ,
ಜಪಾನಿನ ತೆಂಕಣ ದ್ವೀಪದ ಮೂಡಲ ಅಂಚಿಗಿದೆ.
ಅಲ್ಲಿ ನೆಲವೇ ಉಸಿರಾಡುತ್ತದೆ.
ಚರಂಡಿಯ ಜಾಲರಿಯಿಂದ, ಹಿತ್ತಿಲ ಕೊಳವೆಯಿಂದ,
ಅಂಚೆ ಕಚೇರಿಯ ಹಿಂದಿನ ಬಿರುಕಿನಿಂದ
ಹಗಲಿರುಳೂ ಬಿಳಿ ಹಬೆ,
ಒಂದು ಸಲವೂ ಕೆಮ್ಮದೆ.

ಯಾಸುಯೊಗೆ ಅರವತ್ತನಾಲ್ಕು.
ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಮುನ್ನೂರು ಮಕ್ಕಳಿಗೆ ಸಾರು ಕುದಿಸಿದವಳು.
ಮಂಗಳವಾರ ಬೆಳಿಗ್ಗೆ ಸಿಂಕಿನ ಬಿಳಿಯ ಮೇಲೆ
ಸಾಸಿವೆಯಷ್ಟು ಕೆಂಪು ಕಂಡಳು.
ನಲ್ಲಿ ತಿರುಗಿಸಿದಳು, ಹೋಯಿತು.
ಅಕ್ಕಿ ತೊಳೆದಳು. ಯಾರಿಗೂ ಹೇಳಲಿಲ್ಲ.
ಗುರುವಾರ ಮತ್ತೆ ಸಾಸಿವೆ.

ಮೂರು ವರ್ಷ ನಾಲ್ಕು ತಿಂಗಳು ಸುಮ್ಮನಿತ್ತು.
ಹೋಯಿತೆಂದು ಅವಳೂ ನಂಬಿದ್ದಳು,
ಆಸ್ಪತ್ರೆಯ ಕಾಗದವೂ ಹಾಗೇ ಹೇಳಿತ್ತು.
ನಾಳೆ ಬಾ ಎಂದು ಬಾಗಿಲಿಗೆ ಬರೆದಿಟ್ಟರೆ
ಓದಿಕೊಂಡು ಹಿಂತಿರುಗುವ ಜಾತಿಯದಲ್ಲ ಇದು;
ಮಣ್ಣಿನದು, ನೀರಿನದು, ಹಬೆಯದು,
ಊರಿಗೆ ಅವಳಿಗಿಂತ ಹಳಬ.

ಡಾಕ್ಟರು ನಿಷಿಗಾಕಿ ಅವಳ ಸಾರು ಉಂಡು ಬೆಳೆದವನು,
ಕ್ಯಾರೆಟ್ಟನ್ನು ತಟ್ಟೆಯ ಬದಿಗೆ ಸರಿಸುತ್ತಿದ್ದ ಹುಡುಗ.
ಪರದೆಯ ಮೇಲೆ ಅವಳದೇ ಎದೆ;
ಬಲಗಡೆ, ನಡುವೆ, ಮೊಗ್ಗು ಬಿಟ್ಟ ಕೊಂಬೆಯಂಥದನ್ನು
ಪೆನ್ನಿನ ತುದಿಯಿಂದ ಮುಟ್ಟಿದ.
ಮತ್ತೆ ಅದೇನಾ?
ಅದೇ.
ಎಷ್ಟು ದಿನ?
ದಿನ ಎನ್ನಲಿಲ್ಲ ಅವನು. ಒಂದೂವರೆ ವರ್ಷ, ಮೂರು ಬಗೆಯ ಮಾತ್ರೆ.
ಬಿಸಿನೀರಿನ ಮನೆಗೆ ಇನ್ನು ಹೋಗಬೇಡಿ,
ಇದನ್ನು ಮಾತ್ರ ನೆಲ ನೋಡುತ್ತಾ ಹೇಳಿದ.
ಈಗಲಾದರೂ ಕ್ಯಾರೆಟ್ಟು ತಿನ್ನುತ್ತೀಯಾ, ಕೇಳಿದಳು.
ಇಲ್ಲ, ಅಂದ.

ಒಂದು ಮಾತ್ರೆಗೆ ಬಾಯೆಲ್ಲ ಕಹಿ, ಚಹಾಕ್ಕೂ ನಾಣ್ಯ ನೆಕ್ಕಿದ ರುಚಿ.
ಇನ್ನೊಂದಕ್ಕೆ ಉಚ್ಚೆ ಕಿತ್ತಳೆ.
ಮೂರನೆಯದು ಕಣ್ಣಿಗೇ ಕೈ ಹಾಕೀತಂತೆ,
ಎಲ್ಲರಿಗಲ್ಲ, ಕೆಲವರಿಗೆ,
ಕೆಂಪಿಗೂ ಹಸಿರಿಗೂ ನಡುವಿನ ಬೇಲಿ ಕಿತ್ತೀತಂತೆ.
ಅದಕ್ಕೇ ಎದ್ದ ಕೂಡಲೆ ಕಿಟಕಿ ತೆಗೆದು
ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದನ್ನು ಮುಚ್ಚಿ,
ಎದುರುಮನೆಯ ಕಮೀಲಿಯಾ ನೋಡುತ್ತಾಳೆ.
ಹೂ ಬೇರೆ, ಎಲೆ ಬೇರೆ. ಸರಿ.
ಹೂವೆಲ್ಲ ಉದುರಿದ ಮೇಲೆ?
ಸಿಗ್ನಲ್ ದೀಪವಿದೆ; ಅವಳ ಜನ
ಅದರ ಹಸಿರನ್ನೂ ನೀಲಿ ಅನ್ನುತ್ತಾರೆ, ಏನು ಮಾಡುವುದು.

ಸಂಜೆ ಐದು. ಗೂಡಿನಲ್ಲಿ ಬಕೆಟ್ಟು, ಅದರೊಳಗೆ
ಮಡಿಸಿದ ಟವಲ್ಲು, ಒಣಗಿ ಬಿರಿದ ಸೋಪು.
ನಲವತ್ತು ವರ್ಷ ಕಿನುಕೊ ಜೊತೆ ಹೋದದ್ದು,
ಅವಳ ಬೆನ್ನು ಇವಳು, ಇವಳ ಬೆನ್ನು ಅವಳು.
ಹಿಂದಿನ ಸಲ ಸುದ್ದಿ ಬೀದಿಯಲ್ಲಿ ಹಬ್ಬಿ ಕ್ಷಯವಾಯಿತು.
ಇವಳು ಕೂತೆದ್ದ ಸ್ಟೂಲಿಗೆ ಯಾರೋ ಎರಡೆರಡು ಸಲ ನೀರು ಸುರಿದರು.
ಇದು ಅಂಟುವುದಿಲ್ಲ, ಅಂಟುವುದಿಲ್ಲ ಎಂದು
ಎಷ್ಟು ಬಾಗಿಲು ತಟ್ಟುವುದು?
ಈ ಸಲ ಮೊಣಕಾಲು ನೋವು ಎಂದುಬಿಟ್ಟಳು.

ಆರನೆಯ ಸಂಜೆ ಕಿನುಕೊ ತಾನೇ ಬಂದಳು,
ಒದ್ದೆ ತಲೆ, ಕೆಂಡದಂಥ ಕೆನ್ನೆ, ಮೈಯೆಲ್ಲ ಗಂಧಕದ ವಾಸನೆ.
ಮೊಣಕಾಲನ್ನು ನೋಡಲೂ ಇಲ್ಲ.
ಈ ಸಲ ಯಾವ ಕಡೆ, ಅಂದಳು.
...ಬಲಗಡೆ.
ತಿರುಗು.
ಅಂಗೈ ಬಟ್ಟಲು ಮಾಡಿ ತಟ್ಟತೊಡಗಿದಳು,
ಉಜ್ಜುತ್ತಿದ್ದ ಬೆನ್ನು, ಎಲ್ಲಿ ಮೂಳೆ ಎಲ್ಲಿ ಮಚ್ಚೆ ಗೊತ್ತಿದ್ದದ್ದು,
ಕೆಳಗಿನಿಂದ ಮೇಲಕ್ಕೆ, ದಬ ದಬ,
ನಡುನಡುವೆ ಮೀನಂಗಡಿಯವನ ಮೂರನೆಯ ಮದುವೆಯ ಕಥೆ.
ನಕ್ಕರೆ ಕೆಮ್ಮು, ಕೆಮ್ಮಿದರೆ ಕಣ್ಣೀರು,
ಒಳಗೆಲ್ಲೋ ಜಿಗುಟಾದದ್ದು ಜಾಗ ಬಿಟ್ಟು
ಎದ್ದು ಬಂತು.

ಕಾಗದದ ಲೋಟ. ಎರಡು ತಲೆಗಳು ಬಗ್ಗಿದವು.
ಹಸಿರು, ಅಂದಳು ಯಾಸುಯೊ.
ಕಿನುಕೊ ಕನ್ನಡಕ ಹುಡುಕಿ, ಹಾಕಿಕೊಂಡು,
ಲೋಟವನ್ನು ದೀಪಕ್ಕೆ ಹಿಡಿದು, ನಿಧಾನ ನೋಡಿ,
ಹಸಿರೇ, ಅಂದಳು.