ದೇಚಮ್ಮ ಎಂದು ಬರೆದ ಬ್ಯಾಡ್ಜು

ಕೆಲಸಕ್ಕೆ ಸೇರಿದ ದಿನ ಮೇಜಿನ ಖಾನೆ ಎಳೆದು
ಮ್ಯಾನೇಜರು ಕೊಟ್ಟರು ಈ ಹಿತ್ತಾಳೆ ಪಟ್ಟಿ.
‘ಹೊಸದಕ್ಕೆ ಇನ್ನೂರೈವತ್ತು ಆಗ್ತದೆ, ಸದ್ಯ ಇದನ್ನೇ ಚುಚ್ಚಿಕೋ,
ಗೆಸ್ಟುಗಳಿಗೂ ಈ ಊರಿನದೇ ಹೆಸರು ಅಂದ್ರೆ ಖುಷಿ.’
ಹೀಗೆ ಸುಂಟಿಕೊಪ್ಪದ ಕುಸುಮಾವತಿ
ಮಧ್ಯಾಹ್ನ ಎರಡಕ್ಕೆ ಗೇಟು ದಾಟಿದರೆ ದೇಚಮ್ಮ.

ಆ ‘ಸದ್ಯ’ಕ್ಕೆ ಈಗ ಒಂದು ವರ್ಷ ನಾಲ್ಕು ತಿಂಗಳು.

ಶನಿವಾರ ಹುಲ್ಲಿನ ಮೇಲೆ ಬೆಂಕಿ ಹಾಕುತ್ತಾರೆ.
ಸಿಲ್ವರ್ ಓಕಿನ ಐದು ಕೊರಡು,
ಬಿಲ್ಲಿನಲ್ಲಿ ಅದಕ್ಕೆ ಸಾವಿರದೈನೂರು.
ನೆರಿಗೆ ಬೆನ್ನಿಗೆ ಸಿಕ್ಕಿಸಿ ಸುತ್ತ ಕುಣಿಯುವ ಎಂಟು ಜನ ನಾವು,
ನಮ್ಮಲ್ಲಿ ಕೊಡವರು ಒಬ್ಬರೂ ಇಲ್ಲ.
ಅಸ್ಸಾಮಿನ ರೂಪಾಲಿಗೆ ಸೀರೆ ಉಡಿಸಿದ್ದು ನಾನು,
ನನಗೆ ಕಲಿಸಿದ್ದು ರೂಮು ಗುಡಿಸುವ ಚಿನ್ನು,
ಚಿನ್ನುಗೆ, ಮೊದಲು ಇಲ್ಲಿದ್ದ ಯಾರೋ.
ವಾಲಗ ಪೆನ್‌ಡ್ರೈವಿನಲ್ಲಿದೆ.
ಕುಣಿದದ್ದಕ್ಕೆ ನೂರೈವತ್ತು,
ಸೀರೆ ಬಾಡಿಗೆ ನಲವತ್ತು ಅದರಲ್ಲೇ ಮುರಿದುಕೊಳ್ಳುತ್ತಾರೆ.
ಒಗೆಯುವ ಸೋಪು ನಮ್ಮದು.

ಒಂದು ರಾತ್ರಿ ವಿರಾಜಪೇಟೆ ಕಡೆಯ ಅಜ್ಜಿಯೊಬ್ಬರು
ಕನ್ನಡಕ ಒರೆಸಿ ನನ್ನ ಎದೆಯ ಹೆಸರು ಓದಿ
‘ಯಾವ ಒಕ್ಕದವಳು ಮಗಾ?’ ಎಂದರು.
ನಾನು ಮುಗುಳ್ನಕ್ಕೆ. ಅದನ್ನೂ ಇಲ್ಲಿ ಕಲಿಸಿದ್ದಾರೆ.
ಅವರಿಗೆ ಗೊತ್ತಾಯಿತು.
ಕೈಯೊಳಗೆ ಐವತ್ತರ ನೋಟು ಮಡಚಿಟ್ಟು ಹೋದರು.
ಕ್ಯಾಮರಾ ಕಂಡಿತ್ತು. ಐವತ್ತು ಪೆಟ್ಟಿಗೆಗೆ ಬಿತ್ತು,
ಪೆಟ್ಟಿಗೆಯ ಬೀಗದ ಕೈ ಮ್ಯಾನೇಜರ ಜೇಬಿನಲ್ಲಿ.

ಹನ್ನೊಂದು ಸಾವಿರ ಎಂದಿದ್ದರು.
ಗ್ಲಾಸು ಯಾರು ಒಡೆದರೂ ಎಲ್ಲರ ತಲೆಗೆ.
ಎಸ್ಟೇಟು ದಾರಿಯಲ್ಲಿ ಆನೆ ನಿಂತು ಬಸ್ಸು ತಡವಾದರೆ
ಜೀಪಿನಲ್ಲಿ ಕೂತ ಗೆಸ್ಟುಗಳಿಗೆ ಅದು ಬೋನಸ್ಸು,
ನಮಗೆ ಅರ್ಧ ದಿನ ಹೋಯಿತು.
‘ನಾವೆಲ್ಲ ಒಂದೇ ಫ್ಯಾಮಿಲಿ’ ಎಂದು ಊಟದ ಕೋಣೆಯ ಗೋಡೆಯಲ್ಲಿ ಬರೆದಿದೆ.
ಆ ಕೋಣೆಯ ಫ್ಯಾನು ಕೆಟ್ಟು ಯುಗಾದಿಗೆ ವರ್ಷವಾಯಿತು.

ಮೊನ್ನೆ ಸಂಜೆ ಸ್ವಾಗತದ ಶರಬತ್ತಿನ ತಟ್ಟೆ ಹಿಡಿದು
ರಿಸೆಪ್ಷನ್ನಿನಲ್ಲಿ ನಿಂತಿದ್ದೆ. ಗೇಟಿನಿಂದ ಫೋನು.
ವಾಚ್‌ಮನ್ ಲೋಕಪ್ಪಣ್ಣನ ದನಿ ನನಗೂ ಕೇಳುತ್ತಿತ್ತು:
‘ಸಾರ್, ದೇಚಮ್ಮ ಬಂದಿದ್ದಾರೆ.
ಎರಡು ತಿಂಗಳ ಸಂಬಳ ಬಾಕಿಯಂತೆ.’
ಮ್ಯಾನೇಜರು ನನ್ನತ್ತ ತಿರುಗಿ, ಕಣ್ಣು ಮಿಟುಕಿಸಿ,
‘ದೇಚಮ್ಮ ಇಲ್ಲೇ ನನ್ನೆದುರು ಇದ್ದಾಳಲ್ಲ ಮಾರಾಯ’
ಎಂದು ಫೋನಿಟ್ಟರು.
ಮುಂದಿನ ಹುಡುಗರೆಲ್ಲ ನಕ್ಕರು.
ನಾನೂ ನಕ್ಕೆನೋ ಏನೋ. ತಟ್ಟೆಯ ಗ್ಲಾಸುಗಳು ಸದ್ದು ಮಾಡಿದವು.

ಕೊನೆಯ ಬಸ್ಸಿಗೆ ಹೊರಟಾಗ ತಂಗುದಾಣದಲ್ಲಿ ಅವಳು,
ಪಕ್ಕದಲ್ಲಿ ಮಡಚಿದ ಕೊಡೆ, ತೊಡೆಯ ಮೇಲೆ ನಿದ್ದೆಹೋದ ಮಗು.
ಬ್ಯಾಡ್ಜು ತೆಗೆಯಲು ಮರೆತಿದ್ದೆ.
ಟ್ಯೂಬ್‌ಲೈಟಿನಲ್ಲಿ ಬಹಳ ಹೊತ್ತು ನೋಡಿದಳು, ನನ್ನ ಮುಖವನ್ನಲ್ಲ.
‘ಪಿನ್ನು ಈಗಲೂ ಸೊಟ್ಟಗಿದೆಯಾ?
ಅದರಿಂದ ಉಪ್ಪಿನಕಾಯಿ ಡಬ್ಬಿ ಎಬ್ಬಲು ಹೋಗಿದ್ದೆ.’
ಬೈದಿದ್ದರೆ ಮಾತಾಡಬಹುದಿತ್ತು.
ಬಿಚ್ಚಿ ಕೊಟ್ಟೆ. ಸೆರಗಿನಿಂದ ಒರೆಸಿ,
ತನ್ನ ಹೆಸರನ್ನು ತಾನೇ ಒಮ್ಮೆ ಓದಿಕೊಂಡು
ಪರ್ಸಿನೊಳಗೆ ಹಾಕಿದಳು, ಜಿಪ್ಪು ಎಳೆದಳು.

‘ಆ ಕುಣಿತದಲ್ಲಿ ಎಡಗಾಲು ಈಗಲೂ ಮೊದಲಾ?’
‘ಹೌದು.’
‘ಅದು ತಪ್ಪು. ಅವತ್ತು ನನ್ನ ಬಲಗಾಲು ಉಳುಕಿತ್ತು.’

ಈ ತಿಂಗಳ ಚೀಟಿಯಲ್ಲಿ, ಗ್ಲಾಸಿನ ಕೆಳಗೆ, ಆನೆಯ ಕೆಳಗೆ:
ಬ್ಯಾಡ್ಜು ಕಳೆದದ್ದಕ್ಕೆ ಇನ್ನೂರೈವತ್ತು.
ಹೊಸದು ಇನ್ನೂ ಬಂದಿಲ್ಲ. ಏನು ಕರೆಯಬೇಕೆಂದು
ಗೆಸ್ಟು ಕೇಳಿದರೆ ಹೇಳುತ್ತೇನೆ,
ಉದ್ದವಾಯಿತು ಎನ್ನುತ್ತಾರೆ.

ಮಡಿಕೇರಿಯ ಲೇಬರ್ ಆಫೀಸಿನಲ್ಲಿ ಅವಳ ಅರ್ಜಿಗೆ
ಒಬ್ಬರ ಸಾಕ್ಷಿ ಸಹಿ ಬೇಕಂತೆ.
ಮಂಗಳವಾರ ನನಗೆ ರಜೆ.
ಬಸ್ಸು ಒಂಬತ್ತೂ ಹತ್ತಕ್ಕೆ.